ಚರ್ಮದ ಸೀಟು

ಚರ್ಮದ ಸೀಟಿನ ಕೆಲಸ ಹೊಲಿದರೆ ಮುಗಿಯುವುದಿಲ್ಲ. ಕೂತರೆ ಮುಗಿಯುತ್ತದೆ.

ಇದನ್ನು ಬಾಳುವಿಗೆ ಯಾರೂ ಕಲಿಸಿರಲಿಲ್ಲ. ಅವನ ಕುಂಡಿ ಕಲಿತದ್ದು. ಹೊಲಿದ ಚರ್ಮವನ್ನು ಸ್ಪಂಜಿನ ಮೇಲೆ ಎಳೆದು, ಅಡಿಯಲ್ಲಿ ತಂತಿಯ ಕೊಂಡಿ ಹಾಕಿ ಬಿಗಿದರೆ ನೋಡುವವರಿಗೆ ಕೆಲಸ ಆದಂತೆ ಕಾಣುತ್ತದೆ. ಗಾಡಿ ಹದಿನೈದು ದಿನ ಬಿಸಿಲಲ್ಲಿ ನಿಲ್ಲಲಿ, ಚರ್ಮ ಮುದುಕಿಯ ಹೊಟ್ಟೆಯ ಹಾಗೆ ಸುಕ್ಕುಗಟ್ಟುತ್ತದೆ. ಸುಕ್ಕಾಗಬಾರದೆಂದರೆ ಒದ್ದೆ ಬಟ್ಟೆ ಹಾಸಬೇಕು, ಚರ್ಮಕ್ಕೆ ಹಬೆ ಕುಡಿಸಬೇಕು, ಅದರ ಮೇಲೆ ಒಬ್ಬ ಮನುಷ್ಯ ಪೂರ್ತಿ ಭಾರ ಬಿಟ್ಟು ಕೂರಬೇಕು. ಸುಮ್ಮನೆ ಕೂತರೆ ಆಗದು. ತೊಡೆ ಒತ್ತಬೇಕು, ಬೆನ್ನು ಒತ್ತಬೇಕು, ಎಡಕ್ಕೆ ಬಲಕ್ಕೆ ಹೊರಳಬೇಕು. ಒಂದೊಂದು ಸೀಟಿಗೆ ಅರ್ಧ ತಾಸು. ಆಗ ಚರ್ಮ ಮೈ ಹಿಡಿಯುತ್ತದೆ. ಮುಂದೆ ಎಂಥ ದೊಡ್ಡ ಮನುಷ್ಯ ಬಂದು ಕೂತರೂ ಅವನು ಕೂರುವುದು ಬಾಳುವಿನ ಮೈಯ ಅಚ್ಚಿನಲ್ಲೇ.

ಈ ಮಾತನ್ನು ಮಲ್ಲಿನಾಥ ಗಿರಾಕಿಗಳಿಗೆ ಹೇಳುತ್ತಿರಲಿಲ್ಲ.

ಮಲ್ಲಿನಾಥನದು ಜಮಖಂಡಿಯಲ್ಲಿ, ಮುಧೋಳ ರಸ್ತೆಗೆ, ಗಾಡಿ ಸಿಂಗಾರದ ಅಂಗಡಿ. ನಮ್ಮ ಸೀಮೆಯಲ್ಲಿ ಈಗ ದುಡ್ಡಿದ್ದವನಿಗೆ ಎತ್ತರದ ಗಾಡಿಯೇ ಬೇಕು. ಮೊದಲು ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು. ಈಗ ಶೋರೂಮಿಗೆ ಹೋಗಿ ಒಂದೇ ಮಾತು ಕೇಳುತ್ತಾರೆ: ಇದಕ್ಕಿಂತ ಎತ್ತರದ್ದು ಐತೇನು? ಮೈಲೇಜು ಕೇಳುವವನು ಬಡವ. ಮೆಟ್ಟಿಲು ಹತ್ತಿ ಒಳಗೆ ಏರಬೇಕು, ಏರಿ ಕೂತರೆ ಬೈಕಿನವನ ನೆತ್ತಿ ಕಾಣಬೇಕು, ನಡೆದು ಹೋಗುವವನು ಕಾಣಲೇಬಾರದು. ಗುಡ್ಡ ಹತ್ತಲಿಕ್ಕೆ, ರಾಡಿ ತುಳಿಯಲಿಕ್ಕೆ ಮಾಡಿದ ಗಾಡಿ ಅದು. ನಾಲ್ಕೂ ಗಾಲಿ ಒಟ್ಟಿಗೆ ತಿರುಗುತ್ತವೆ. ಅದನ್ನು ತಗೊಂಡು ಇವರು ಹೋಗುವುದು ಲೋಕಾಪುರದ ಲಗ್ನಕ್ಕೆ.

ಅಂಥ ಗಾಡಿಗೆ ರೆಕ್ಸಿನ್ ಸೀಟು ಸಾಲುವುದಿಲ್ಲ. ಖರೇ ಚರ್ಮ ಬೇಕು.

ಚರ್ಮ ಬೇಕಾದಾಗ ಮಲ್ಲಿನಾಥ ಬಸ್ ನಿಲ್ದಾಣದ ಮೂಲೆಗೆ ಬಂದ. ಅಲ್ಲಿ ಹರಿದ ಛತ್ರಿಯ ಕೆಳಗೆ ಬಾಳು ಚಪ್ಪಲಿ ಹೊಲಿಯುತ್ತ ಕೂತಿದ್ದ. ನಲವತ್ತೆಂಟು ವರ್ಷದವನು. ಇಪ್ಪತ್ತೈದು ವರ್ಷದಿಂದ ಅದೇ ಮೂಲೆ. ಮಂದಿ ಅವನ ಮುಂದೆ ಬಂದು ಮಾತಾಡುತ್ತಿರಲಿಲ್ಲ, ಕಾಲು ಚಾಚುತ್ತಿದ್ದರು. ಅವನಿಗೆ ಜಮಖಂಡಿ ಗೊತ್ತಿದ್ದದ್ದು ಮೊಣಕಾಲಿನವರೆಗೆ ಅಷ್ಟೆ.

ಮಲ್ಲಿನಾಥ ಅವನನ್ನು ಎಬ್ಬಿಸಿ ಅಂಗಡಿಯ ಹಿಂದಿನ ತಗಡಿನ ಶೆಡ್ಡಿಗೆ ತಂದ. ಹೆಂಡತಿ ಶಂಕ್ರೆವ್ವನೂ ಬಂದಳು. ಅವಳು ಎಮ್ಮೆಯ ಚರ್ಮ ಕೊಯ್ಯುವವಳು, ಇವನು ಹೊಲಿಯುವವನು. ಅವರು ಬಂದು ಎರಡು ವರ್ಷವಾಗಿತ್ತು. ಶೆಡ್ಡಿನಲ್ಲಿ ಎತ್ತರದ ಮೇಜು ಇತ್ತು. ಶಂಕ್ರೆವ್ವ ನಿಂತು ಕೆಲಸ ಮಾಡುತ್ತಿದ್ದಳು. ಅವರ ಮನೆತನದಲ್ಲಿ ನಿಂತು ಮಾಡುವ ಕೆಲಸ ಸಿಕ್ಕದ್ದು ಅವಳಿಗೇ ಮೊದಲು.

ಮಲ್ಲಿನಾಥನದು ಒಂದೇ ಕರಾರು.

"ಗಿರಾಕಿ ಬಂದಾಗ ಶೆಡ್ಡಿನ್ಯಾಗ ಇರು. ಯಾರರೆ ಹೆಸರ ಕೇಳಿದ್ರ ಬಾಳು ಪುಣೇಕರ ಅನ್ನು. ಸೀಟು ಪುಣೆ ಕಡೇದು ಅಂತ ನಾ ಹೇಳಿರ್ತೀನಿ."

"ಯಾಕ್ರಿ?"

"ಯಾಕ ಅಂತ ನಿನಗ ಗೊತ್ತೈತಿ. ನನ್ನ ಬಾಯಿಲೆ ಯಾಕ ಹೇಳಸ್ತಿ."

ಬಾಳು ಒಪ್ಪಿಕೊಂಡ. ಅವನ ಹೊಟ್ಟೆ ಒಪ್ಪಿಕೊಂಡಿತು ಎನ್ನಿ.

ಹೀಗಿರುವಾಗ ಒಂದು ದೊಡ್ಡ ಶೋರೂಮಿನವರು ಮಲ್ಲಿನಾಥನನ್ನು ಕರೆದರು. ಬೀಳಗಿ ಕಡೆಯ ರಾಚಪ್ಪ ಸಾವ್ಕಾರರ ಹೊಸ ಗಾಡಿಗೆ ಚರ್ಮ ಹಾಕು, ಏಳು ಸೀಟು. ಸಾವ್ಕಾರರು ಛಲೋ ಆಗ್ಯಾವ ಅಂದರೆ ಮುಂದೆ ಮಾರುವ ಎಲ್ಲಾ ಗಾಡಿಯ ಕೆಲಸ ನಿನಗೆ. ಇಲ್ಲ ಅಂದರೆ ಬೆಳಗಾವಿಯ ಮಶೀನಿನವರಿಗೆ. ಅಂದರೆ ಬಾಳು ಶಂಕ್ರೆವ್ವರ ಬದುಕು ರಾಚಪ್ಪನ ಬಾಯಿಂದ ಬೀಳಬೇಕಾದ ಎರಡು ಶಬ್ದದ ಮೇಲೆ ನಿಂತಿತು. ಛಲೋ ಆಗ್ಯಾವ. ಆ ಮಾತು ಬಂದರೆ ಶೆಡ್ಡು. ಬರದಿದ್ದರೆ ಮತ್ತೆ ಛತ್ರಿ.

ಗಾಡಿ ಒಯ್ಯುವ ದಿನ ರಾಚಪ್ಪ ಒಂದು ತಾಸು ಮೊದಲೇ ಬಂದುಬಿಟ್ಟ. ಬಾಳು ಆರು ಸೀಟಿನಲ್ಲಿ ಕೂತು ಮುಗಿಸಿದ್ದ. ಡ್ರೈವರ ಸೀಟು ಉಳಿದಿತ್ತು. ಕೂರದೆಯೇ ಇಳಿದು ಶೆಡ್ಡಿಗೆ ಓಡಬೇಕಾಯಿತು.

ಹದಿನೈದು ದಿನಕ್ಕೆ ರಾಚಪ್ಪನ ಫೋನು ಬಂತು. ಡ್ರೈವರ ಸೀಟು ಸುಕ್ಕಾಗೈತಿ, ಸ್ಟೇರಿಂಗಿನ ಹೊಲಿಗಿ ಬಿಟ್ಟೈತಿ, ಯಾರನ್ನರೆ ಕಳಸು.

ಬಾಳು ಹೋದ.

ರಾಚಪ್ಪನ ಊರು ಬೀಳಗಿ ದಾಟಿ ಹಿನ್ನೀರಿನ ದಂಡೆಗೆ. ಬ್ಯಾಸಗಿ. ಕೃಷ್ಣೆ ಹಿಂದಕ್ಕೆ ಸರಿದು, ನೀರು ನಿಂತ ಜಾಗವೆಲ್ಲ ಬಯಲು ಬಿದ್ದಿತ್ತು. ಮೇಲೆ ಒಣಗಿ ಬಿರಿದ ಪದರ. ಒಳಗೆ ರಾಡಿ. ಬಾಳು ಬಸ್ಸಿಳಿದು ಎರಡು ಮೈಲು ನಡೆದು ರಾಚಪ್ಪನ ಅಂಗಳ ಮುಟ್ಟಿದಾಗ ಹನ್ನೊಂದು ಗಂಟೆ.

ಕರಿ ಗಾಡಿ ಬಟಾಬಯಲಲ್ಲಿ ನಿಂತು ಕಾದಿತ್ತು. ರಾಚಪ್ಪನಿಗೆ ಐವತ್ತರ ಮೇಲೆ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು. ಕಟ್ಟೆಯ ಮೇಲೆ ಅವನ ತಾಯಿ ಕಸ್ತೂರೆವ್ವ ಬತ್ತಿ ಹೊಸೆಯುತ್ತ ಕೂತಿದ್ದಳು. ಪಕ್ಕದ ಖುರ್ಚಿಯಲ್ಲಿ ಗೌರೀಶ. ಅವನು ಬೀಳಗಿಯ ಗುತ್ತಿಗೆದಾರ, ರಾಚಪ್ಪನ ಗೆಳೆಯ. ಅವನ ಕಾಲ ಬಳಿ ಒಂದು ಮುಧೋಳ ನಾಯಿ, ಎಲುಬು ಎಣಿಸುವ ಹಾಗೆ ತೆಳ್ಳಗೆ, ನಾಲಗೆ ಹಾಕಿ ಮಲಗಿತ್ತು.

"ಪುಣೇದಾಂವ ನೀನೇನು?" ರಾಚಪ್ಪ ಕೇಳಿದ.

"ಹೂನ್ರಿ."

"ಮಾತು ನಮ್ಮ ಕಡೇವ ಅದಾವಲ್ಲ."

"ಹುಟ್ಟಿದ್ದು ಈ ಕಡೀನ ರಿ."

"ಇರ್ಲಿ. ಲಗು ಲಗು ಮುಗಸು. ಇಳಿಹೊತ್ತಿಗೆ ಗಾಡಿ ರಾಡ್ಯಾಗ ಇಳಸೂದೈತಿ."

ಗೌರೀಶ ನಕ್ಕ. "ಹದಿನೈದು ದಿನ ಆತು, ಒಂದ ಟೈರಿಗೆ ಮಣ್ಣ ಹತ್ತಿಲ್ಲ. ಇದರ ಬದ್ಲಿ ಸಾಲಿ ಹುಡಿಗ್ಯಾರ ಸ್ಕೂಟರ್ ತಗೋಬೇಕಿತ್ತು ನೋಡಲೇ ರಾಚಾ."

"ಇವತ್ತ ತೋರಸ್ತೀನಿ, ತಡಿ."

"ನಿಮ್ಮವ್ವನ್ನ ಕೇಳಿ ತೋರಸು."

ಬಾಳು ಕೆಲಸ ಹಚ್ಚಿದ. ಬಾಗಿಲು ತೆರೆದರೆ ಒಲೆಯ ಬಾಯಿಗೆ ಮುಖ ಇಟ್ಟ ಹಾಗೆ. ಸೀಟಿನ ಕೆಳಗೆ ತಲೆ ಹಾಕಿ, ಅಂಗಾತ ಮಲಗಿ ಕೊಂಡಿ ಬಿಚ್ಚಿದ. ತಂತಿ ಬೆರಳು ಕೊಯ್ದಿತು. ಬೆವರು ಕಣ್ಣಿಗೆ ಇಳಿಯಿತು. ಚರ್ಮ ಎಳೆದು ಮತ್ತೆ ಬಿಗಿದ. ಒದ್ದೆ ಬಟ್ಟೆ ಹಾಸಿ, ಹಬೆಯ ಯಂತ್ರ ಹಿಡಿದು, ಮೇಲೆ ಹತ್ತಿ ಕೂತ. ಚರ್ಮದ ಬಿಸಿ ಧೋತರ ದಾಟಿ ತೊಡೆ ಸುಟ್ಟಿತು. ಅವನು ಹೊರಳಿದ, ಒತ್ತಿದ, ಮತ್ತೆ ಹೊರಳಿದ.

"ಯಾಕ ಕುಂತಿ?" ರಾಚಪ್ಪ ಅಲ್ಲಿಂದಲೇ ಕೇಳಿದ.

"ಕುಂದರಬೇಕ್ರಿ. ಇಲ್ಲಂದ್ರ ಚರ್ಮ ಮೈ ಹಿಡಿಯೂದಿಲ್ಲ."

"ಛಲೋ ಕೆಲಸ ಬಿಡಪಾ ನಿಂದು. ಕುಂತ ಪಗಾರ ತಗೋತಿ."

ಎಲ್ಲರೂ ನಕ್ಕರು. ಬಾಳುವೂ ನಕ್ಕ. ಕಸ್ತೂರೆವ್ವ ನಗಲಿಲ್ಲ. ಒಳಗೆ ಹೋಗಿ ಸ್ಟೀಲಿನ ಗ್ಲಾಸಿನಲ್ಲಿ ಚಹಾ ತಂದು, ಗಾಡಿಯ ಬಾಗಿಲಿಗೆ ಬಂದು ಅವನ ಕೈಯಲ್ಲೇ ಕೊಟ್ಟಳು.

"ಬಿಸಲಾಗ ಬೇಯಾಕತ್ತೀಯಲ್ಲೋ ತಮ್ಮಾ. ಕುಡಿ. ಮಕ್ಕಳೆಷ್ಟು?"

"ಎರಡ್ರಿ ಅವ್ವಾರ. ಎರಡೂ ಹೆಣ್ಣು. ಮದವಿ ಮಾಡಿ ಕೊಟ್ಟೇನ್ರಿ."

"ಇಬ್ಬರದೂ ದಡಾ ಮುಟ್ಟಿಸಿದಿ. ಕುಡಿ, ಆರತೈತಿ."

ಬಾಳು ಕುಡಿದ. ಅದು ಪುಣೇಕರನ ಹೆಸರಿಗೆ ಬಂದ ಚಹಾ. ಆದರೂ ಗಂಟಲಿಗೆ ಸಿಹಿಯಾಗೇ ಇಳಿಯಿತು.

ಸೀಟು ಮುಗಿಯಿತು. ಸ್ಟೇರಿಂಗು ಉಳಿಯಿತು. ಅದರ ಚರ್ಮ ಮಶೀನಿಗೆ ಬಗ್ಗುವುದಿಲ್ಲ, ಕೈಯಲ್ಲೇ ಹೊಲಿಯಬೇಕು. ಒಂದೇ ದಾರ, ಎರಡೂ ತುದಿಗೆ ಸೂಜಿ. ಒಂದೇ ತೂತಿನಲ್ಲಿ ಅತ್ತಲಿಂದ ಒಂದು, ಇತ್ತಲಿಂದ ಒಂದು ಹೋಗಬೇಕು. ದಾರದ ತುದಿ ತುಟಿಯಲ್ಲಿ ಹಿಡಿದು ನೆನೆಸಿ, ಹಲ್ಲಿನಿಂದ ಚಪ್ಪಟೆ ಮಾಡಿ ಸೂಜಿಗೆ ಏರಿಸಬೇಕು. ಅವನ ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜ ಹಾಗೆ ಮಾಡುತ್ತಿದ್ದ. ಯಾರೂ ಹೇಳದೆ ದಾರ ತಾನಾಗಿ ಬಾಯಿಗೆ ಹೋಗುತ್ತದೆ. ಮಲ್ಲಿನಾಥ ಹೆಸರು ಬದಲಿಸು ಅಂದಿದ್ದ. ಬಾಯಿ ಬದಲಿಸು ಅಂದಿರಲಿಲ್ಲ.

ರಾಚಪ್ಪ ಬಂದು ಸೀಟಿನ ಮೇಲೆ ಅಂಗೈ ಆಡಿಸಿದ. ಸುಕ್ಕು ಒಂದೂ ಇರಲಿಲ್ಲ. "ಬೆಣ್ಣಿ ಆಗೈತಿ" ಅಂದ. ಜೇಬಿನಿಂದ ಫೋನು ತೆಗೆದು ಹಚ್ಚಿದ.

"ಹಾಂ ಮಲ್ಲಿನಾಥ. ನಿನ್ನ ಪುಣೇದಾಂವ ಬಂದಾನ. ಸೀಟು..."

ಬಾಳುವಿನ ಸೂಜಿ ನಿಂತಿತು. ಕಿವಿ ಅತ್ತ ಹೋಯಿತು.

"ರಾಚೂ," ಕಟ್ಟೆಯಿಂದ ಕಸ್ತೂರೆವ್ವ ಅಂದಳು, "ಇವನ ಕೈ ನೋಡೋ. ಥೇಟ್ ನಮ್ಮ ಮಾಳೂನ ಕೈ. ಅಂವನೂ ಹಿಂಗ ದಾರ ಬಾಯಾಗ ಇಟಗೊಂಡು, ಎರಡೂ ಕಡಿಂದ ಸೂಜಿ ಹಾಕಿ ನನ್ನ ಕೆರ ಹೊಲೀತಾನ."

ಮಾಳು ಅಂದರೆ ಆ ಊರಿನ ಚಪ್ಪಲಿ ಹೊಲಿಯುವ ಸಮಗಾರ ಮುದುಕ. ಕಸ್ತೂರೆವ್ವ ಕೆಟ್ಟದ್ದಕ್ಕೆ ಹೇಳಿರಲಿಲ್ಲ. ಮೆಚ್ಚಿ ಹೇಳಿದ್ದಳು.

ರಾಚಪ್ಪ ಫೋನಿಗೆ "ಆಮ್ಯಾಲ ಮಾಡ್ತೀನಿ" ಅಂದು ಕಟ್ ಮಾಡಿದ. ಬಾಗಿಲಿಗೆ ಬಗ್ಗಿದ.

"ಅಡ್ಡ ಹೆಸರೇನು?"

ಬಾಳುವಿನ ಬಾಯಲ್ಲಿ ದಾರ ಇನ್ನೂ ಇತ್ತು.

"ಪುಣೇಕರ ಅನಬ್ಯಾಡ. ಖರೇ ಹೇಳು."

"ಸಮಗಾರ ರಿ."

ಗೌರೀಶ ಹೊಟ್ಟೆ ಹಿಡಿದು ನಗಲಿಕ್ಕೆ ಹತ್ತಿದ. "ಲೇ ರಾಚಾ, ಹದಿನೈದು ದಿನ ಆತು, ಇವನ ಎಂಜಲ ಹಿಡಕೊಂಡ ಗಾಡಿ ಹೊಡ್ಯಾಕತ್ತಿ. ಅದ ಕೈಲೆ ಊಟಾ ಮಾಡೀದಿ."

ಆ ನಗೆ ಇಲ್ಲದಿದ್ದರೆ ರಾಚಪ್ಪ ಎರಡು ಬೈದು, ಒಂದು ಒದ್ದು ಬಿಡುತ್ತಿದ್ದನೋ ಏನೋ. ಗೆಳೆಯನ ಮುಂದೆ ಮಾನ ಹೋದ ಗಂಡಸು ಬೈಯುವುದಿಲ್ಲ. ಅವನು ತಣ್ಣಗಾಗುತ್ತಾನೆ.

ಕಸ್ತೂರೆವ್ವ ಎದ್ದು ಬಂದಳು. "ಮೊದಲ ಹೇಳಬೇಕಿಲ್ಲೋ ತಮ್ಮಾ" ಅಂದಳು. ಚಹಾ ಕೊಟ್ಟಾಗಿನ ದನಿಯೇ, ಅಷ್ಟೇ ಮೆತ್ತಗೆ. ಒಂದು ಕೋಲು ತಗೊಂಡು ಆ ಸ್ಟೀಲಿನ ಗ್ಲಾಸನ್ನು ಉರುಳಿಸುತ್ತ, ಉರುಳಿಸುತ್ತ ತಿಪ್ಪೆಯವರೆಗೆ ಒಯ್ದಳು. ಬೈದಿದ್ದರೆ ಬಾಳುವಿಗೆ ಅಷ್ಟು ಉರಿಯುತ್ತಿರಲಿಲ್ಲ.

"ಸೀಟು ಬಿಚ್ಚಲ್ರಿ?" ಬಾಳು ಕೇಳಿದ.

"ಯಾಕ? ಚರ್ಮ ಏನ ತಪ್ಪ ಮಾಡೈತಿ?"

ರಾಚಪ್ಪ ಗೋಮೂತ್ರ ತರಿಸಿ ಸೀಟಿಗೆ, ಸ್ಟೇರಿಂಗಿಗೆ ಚಿಮುಕಿಸಿದ. ಅಲ್ಲಿಗೆ ಶುದ್ಧ. ಸತ್ತ ಎಮ್ಮೆಯ ತೊಗಲು ಆ ಮನೆಗೆ ನಡೆಯುತ್ತದೆ. ಇಡೀ ಮನೆತನ ಅದರ ಮೇಲೆ ಕೂತು ದೇವರಿಗೆ ಹೋಗುತ್ತದೆ. ಬದುಕಿದ ಮನುಷ್ಯನ ತೊಗಲು ಮಾತ್ರ ನಡೆಯುವುದಿಲ್ಲ.

"ಮಲ್ಲಿನಾಥಗ ನಾ ಮಾತ ಹೇಳಬೇಕಲ್ಲ?" ರಾಚಪ್ಪ ಕೇಳಿದ.

"ಹೂನ್ರಿ ಸಾವ್ಕಾರ್ರ."

"ಹೇಳ್ತೀನಿ. ಛಲೋ ಆಗ್ಯಾವಂತನ ಹೇಳ್ತೀನಿ. ಅದಕ್ಕಿಂತ ಮೊದಲ ಒಂದ ಕೆಲಸ ಐತಿ. ಹಿನ್ನೀರಿನ್ಯಾಗ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗ ಗೊತ್ತಾಗೂದಿಲ್ಲ. ನೀ ಗಾಡಿ ಮುಂದ ನಡಿ. ನೀ ಹುಗದ ಕಡೆ ನಾ ಬರೂದಿಲ್ಲ."

ಗೌರೀಶ ಗಾಡಿ ಎಳೆಯುವ ಹಗ್ಗ ತಂದ. ಒಂದು ತುದಿ ಮುಂದಿನ ಬಂಪರಿಗೆ, ಇನ್ನೊಂದು ತುದಿ ಬಾಳುವಿನ ಸೊಂಟಕ್ಕೆ. "ಹುಗದ್ರ ಎಳೀಬೇಕಲ್ಲೋ. ನಾವೇನ ಕೊಲ್ಲಾವ್ರೇನು."

ಬಾಳು ಕಟ್ಟಿಸಿಕೊಂಡ. ಇದನ್ನು ಮುಚ್ಚಿಡುವುದಿಲ್ಲ. ಯಾರೂ ಅವನನ್ನು ಹಿಡಿದು ಕಟ್ಟಲಿಲ್ಲ. ಅವನೇ ಎರಡೂ ಕೈ ಎತ್ತಿ ನಿಂತ. ಕಣ್ಣ ಮುಂದೆ ಶಂಕ್ರೆವ್ವ ಎತ್ತರದ ಮೇಜಿನ ಮುಂದೆ ನಿಂತು ಚರ್ಮ ಕೊಯ್ಯುತ್ತಿದ್ದಳು.

ರಾಚಪ್ಪ ಸ್ಟೇರಿಂಗಿಗೆ ಕೂತ, ಗೌರೀಶ ಪಕ್ಕಕ್ಕೆ. ಗೌರೀಶ ಶಿಳ್ಳೆ ಹಾಕಿದ. ನಾಯಿ ಜಿಗಿದು ಹಿಂದಿನ ಸೀಟು ಹತ್ತಿ, ಉಗುರಿನಿಂದ ಚರ್ಮ ಕೆರೆದು ಜಾಗ ಮಾಡಿಕೊಂಡು ಮಲಗಿತು. ಅದಕ್ಕೆ ಯಾರೂ ಅಡ್ಡ ಹೆಸರು ಕೇಳಲಿಲ್ಲ.

ಬಾಳು ಬರಿಗಾಲಲ್ಲಿ ಮುಂದೆ ನಡೆದ. ಒಣಗಿದ ಪದರ ಕಾಲ ಕೆಳಗೆ ಹಪ್ಪಳದಂತೆ ಮುರಿಯುತ್ತಿತ್ತು. ಹಿಂದಿನಿಂದ ಹಾರ್ನು. ನಿಂತರೆ ಬಂಪರು ತೊಡೆಗೆ ತಾಗುತ್ತಿತ್ತು. ಒಂದು ಕಡೆ ಮೀನಖಂಡದವರೆಗೆ ಹೋಯಿತು ಕಾಲು, ಎತ್ತಿಕೊಂಡ. ಮುಂದೊಂದು ಕಡೆ ತೊಡೆಯವರೆಗೆ ಹೋಯಿತು, ಎತ್ತಲಾಗಲಿಲ್ಲ. ರಾಚಪ್ಪ ಗಾಡಿಯನ್ನು ಹಿಂದಕ್ಕೆ ಒಯ್ದ. ಹಗ್ಗ ಬಿಗಿಯಿತು. ಬಾಳು ಅಂಗಾತ ಬಿದ್ದು, ಕಾಲು ಕಿತ್ತು ಬಂದು, ಬೆನ್ನ ಮೇಲೆ ಎಳೆಸಿಕೊಂಡು ಹೋದ. ಗೌರೀಶ ಕಿಟಕಿಯಿಂದ ಫೋನು ಹೊರಗೆ ಹಿಡಿದು ವಿಡಿಯೊ ಮಾಡುತ್ತಿದ್ದ.

"ಎದ್ದೇಳೋ ಪುಣೇಕರ. ಇನ್ನೂ ಬಾಳ ದೂರ ಐತಿ."

ಹೀಗೆ ಮೂರು ಸಲ. ಮೂರನೇ ಸಲ ಬಾಯಿಗೆ ರಾಡಿ ಹೋಯಿತು. ಉಗುಳಿ ಎದ್ದ ಬಾಳು ಕೈ ಮುಗಿದ.

"ಸಾವ್ಕಾರ್ರ, ನಾ ಐವತ್ತ ಕಿಲೋ ಅದೀನ್ರಿ. ಈ ಪದರ ನನ್ನ ತಡೀತೈತಿ. ಗಾಡಿ ತಡೆಯೂದಿಲ್ರಿ. ಇಲ್ಲಿಗೆ ತಿರಗಸ್ರಿ."

"ನನ್ನ ಗಾಡೀದು ನಾಕೂ ಗಾಲಿ ತಿರಗತಾವ. ನಿನಗ ಇರೂವು ಎರಡ ಕಾಲ. ನಡಿ."

ಬಾಳು ನಡೆದ. ನಾಲ್ಕು ಹೆಜ್ಜೆ ಹೋಗಿರಬೇಕು. ಹಿಂದೆ ಗಡಿಗೆ ಒಡೆದ ಹಾಗೆ ಸದ್ದಾಯಿತು. ತಿರುಗಿ ನೋಡಿದರೆ ಗಾಡಿಯ ಮೂತಿ ಕೆಳಗೆ ಹೋಗಿತ್ತು. ರಾಚಪ್ಪ ಎಕ್ಸಲರೇಟರ್ ಒತ್ತಿದ. ನಾಲ್ಕೂ ಗಾಲಿ ತಿರುಗಿದವು. ತಿರುಗಿದಷ್ಟೂ ಇಳಿದವು. ಕರಿ ರಾಡಿ ಆಳೆತ್ತರ ಹಾರಿತು. ಜೋಲು ಬಿದ್ದ ಹಗ್ಗ ಗಾಲಿಗೆ ಸಿಕ್ಕಿತು.

ಹಗ್ಗ ಸುತ್ತಿಕೊಳ್ಳತೊಡಗಿತು. ಬಾಳು ಮುಗ್ಗರಿಸಿ ಬಿದ್ದ. ಅವನ ಮೈ ಗಾಲಿಯ ಕಡೆಗೆ ಹೊರಟಿತು.

"ಹಗ್ಗ ಸಿಕ್ಕೈತ್ರಿ, ನಿಲ್ಲಸ್ರಿ!"

ರಾಚಪ್ಪನಿಗೆ ಕೇಳಿತು. ಕಿಟಕಿ ತೆರೆದೇ ಇತ್ತು. ಅವನು ಬಾಳುವನ್ನು ನೋಡಿದ, ನೋಡಿ ಇನ್ನೂ ಒತ್ತಿದ. ಅವನಿಗೆ ಗಾಡಿ ಹೊರಗೆ ಬರಬೇಕಾಗಿತ್ತು.

ಬಾಳು ಎರಡೂ ಕೈ ತಲೆಯ ಮೇಲೆ ಚಾಚಿ, ಮೈ ಹೊರಳಿಸಿ, ಉಸಿರು ಬಿಟ್ಟು ಹೊಟ್ಟೆ ಒಳಗೆ ಎಳೆದುಕೊಂಡ. ಹಗ್ಗ ಸೊಂಟದಿಂದ ಮೇಲಕ್ಕೆ ಸರಿಯಿತು. ಅಂಗಿ ಹರಿಯಿತು. ಪಕ್ಕೆಯ ತೊಗಲು ಎದ್ದಿತು. ರಾಡಿಯ ಜಾರಿಕೆಯಲ್ಲಿ ಹಗ್ಗ ಎದೆ ದಾಟಿ, ತಲೆ ದಾಟಿ ಹೋಯಿತು. ಗಾಲಿ ಅದನ್ನು ನುಂಗಿತು. ಗಾಲಿಯಿಂದ ಅವನ ಕೈಗೆ ಎರಡು ಮೊಳ ಇತ್ತು.

ಗಾಡಿ ಬಂದ್ ಆಯಿತು.

ಬಾಳು ಹೊಟ್ಟೆಯ ಮೇಲೆ ತೆವಳಿ ಒಡೆಯದ ಪದರಕ್ಕೆ ಬಂದು, ಅಲ್ಲಿಂದ ಬಳಸಿಕೊಂಡು ದಂಡೆಯ ಕಡೆಯ ಗಟ್ಟಿ ನೆಲಕ್ಕೆ ಹೊರಟ. ಪಕ್ಕೆಯಿಂದ ನೆತ್ತರು ರಾಡಿಗೆ ಕೂಡಿ ಇಳಿಯುತ್ತಿತ್ತು.

"ಎಲ್ಲಿ ಹೊಂಟಿ?" ರಾಚಪ್ಪ ಕಿಟಕಿಯಿಂದ ಕೂಗಿದ. ಬಾಗಿಲು ಅರ್ಧ ಹುಗಿದಿತ್ತು, ತೆರೆಯುತ್ತಿರಲಿಲ್ಲ. "ಟ್ರ್ಯಾಕ್ಟರ್ ತರಸ್ತೀನಿ. ಗಾಡಿ ಹಿಂದ ಕೆಳಗ ಕೊಂಡಿ ಐತಿ. ರಾಡ್ಯಾಗ ಕೈ ಹಾಕಿ ಹುಡುಕಿ, ಹಗ್ಗ ಕಟ್ಟು."

"ಒಲ್ಲೆ."

"ಏನಂದಿ?"

"ಒಲ್ಲೆ ಅಂದ್ನಿ."

ರಾಚಪ್ಪ ಫೋನು ಮೇಲೆತ್ತಿ ತೋರಿಸಿದ. "ಈಗ ಹಚ್ಚತೀನಿ ಮಲ್ಲಿನಾಥಗ. ಛಲೋ ಆಗ್ಯಾವ ಅಂತೀನಿ. ನಿನ್ನ ಕಿವೀಲೆ ಕೇಳು. ಕಟ್ಟು."

ಬೆಳಗಿನಿಂದ ಆ ಮಾತಿಗಾಗಿಯೇ ಅವನು ಬೆಂದದ್ದು. ಅದಕ್ಕಾಗಿಯೇ ಕೈ ಎತ್ತಿ ನಿಂತದ್ದು. ಈಗ ಅದು ಕೂಗಳತೆಯಲ್ಲಿತ್ತು. ಬಾಳುವಿಗೆ ಛತ್ರಿ ನೆನಪಾಯಿತು, ಚಾಚಿದ ಕಾಲುಗಳು ನೆನಪಾದವು. ಶಂಕ್ರೆವ್ವ ಮತ್ತೆ ನೆಲಕ್ಕೆ ಕೂರುವುದು ಕಂಡಿತು.

"ಒಲ್ಲೆ."

ರಾಚಪ್ಪ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಮಲ್ಲಿನಾಥ, ಇಂವ ಸಮಗಾರ ಅಂತ ನಿನಗ ಗೊತ್ತಿತ್ತೇನು?"

ಮಲ್ಲಿನಾಥನ ದನಿ ಬಯಲಿಗೆಲ್ಲ ಕೇಳಿತು.

"ಇಲ್ರಿ ಸಾವ್ಕಾರ್ರ. ದೇವರಾಣಿ ಗೊತ್ತಿದ್ದಿಲ್ರಿ. ಪುಣೇಕರ ಅಂತ ಸುಳ್ಳ ಹೇಳಿ ಸೇರಿದ್ದಾನ್ರಿ. ಈಗಿಂದೀಗ ತಗದ್ನಿ ನೋಡ್ರಿ."

"ಅವನ ಹೇಂತಿ?"

"ಆಕಿನ್ನೂ ತಗದ್ನಿರಿ."

ರಾಚಪ್ಪ ಫೋನು ಇಳಿಸಿದ. "ಕೇಳಿದಿ? ಇನ್ನೂ ಹೊತ್ತ ಮೀರಿಲ್ಲ. ಕಟ್ಟಿದ್ರ ಮಾತ ತಿರಗಸ್ತೀನಿ."

"ಕೇಳ್ದ್ನಿ. ನೀ ಇಳದು ಕಟ್ಕೋ."

ನೀ ಅಂದ. ಗೌರೀಶ ವಿಡಿಯೊ ನಿಲ್ಲಿಸಿದ.

"ನಿನ್ನಂಥಾವ್ರು ನಮ್ಮೂರಾಗ ಇಲ್ಲಂತ ತಿಳದಿಯೇನಲೇ" ಅಂದ ರಾಚಪ್ಪ. ಮತ್ತೆ ಫೋನು ಹಚ್ಚಿದ. "ಟ್ರ್ಯಾಕ್ಟರ್ ತಾ. ಬರೂಮುಂದ ಮಾಳೂನ್ನ ಹಾಕ್ಕೊಂಡ ಬಾ."

ಟ್ರ್ಯಾಕ್ಟರ್ ದಂಡೆಗೆ ಬಂದು ನಿಂತಿತು. ಓಡಿಸುತ್ತಿದ್ದ ಆಳು ಕೆಳಗಿಳಿಯಲಿಲ್ಲ. ಮಡ್‌ಗಾರ್ಡಿನ ಮೇಲಿಂದ ಒಬ್ಬ ಮುದುಕ ಇಳಿದ. ಅರವತ್ತೈದರ ಮೇಲಿನವನು. ರುಮಾಲು ಬಿಚ್ಚಿ ಟ್ರ್ಯಾಕ್ಟರಿನ ಮೇಲಿಟ್ಟ, ಧೋತರ ಎತ್ತಿ ಕಟ್ಟಿದ, ಟ್ರ್ಯಾಕ್ಟರಿನಲ್ಲಿ ತಂದ ಹಗ್ಗದ ತುದಿ ಹೆಗಲಿಗೆ ಹಾಕಿದ. ಅವನ ಹೆಬ್ಬೆರಳಿನ ಪಕ್ಕದಲ್ಲಿ ದಾರ ಎಳೆದು ಎಳೆದು ಬಿದ್ದ ಕರಿ ಗೀರು ಇತ್ತು. ಬಾಳುವಿನ ಕೈಯಲ್ಲೂ ಅಲ್ಲೇ ಇತ್ತು.

ಬಾಳು ಅವನ ದಾರಿಗೆ ಅಡ್ಡ ನಿಂತ. "ಕಾಕಾ, ಹೋಗಬ್ಯಾಡ. ಗಾಲಿ ತಿರಗಿ ಅಲ್ಲಿ ಎಲ್ಲಾ ಒಡದೈತಿ. ತಳಾ ಇಲ್ಲ."

"ನೀ ಯಾರೋ ತಮ್ಮಾ?"

"ಜಮಖಂಡಿಯಾಂವ. ನಿಮ್ಮಾವ್ನ ಅದೀನಿ."

ಮಾಳು ಅವನ ಹರಿದ ಅಂಗಿ ನೋಡಿದ, ಪಕ್ಕೆ ನೋಡಿದ. ಏನಾಗಿದೆಯೆಂದು ಕೇಳಲಿಲ್ಲ. "ನೀ ಸಂಜಿ ಬಸ್ಸಿಗೆ ಜಮಖಂಡಿಗೆ ಹೋಗ್ತಿ" ಅಂದ. "ನಾ ಇಲ್ಲೇ ಇರಾಂವ."

ಬದಿಗೆ ಸರಿದು ಹೋದ.

ತಾನು ಒಲ್ಲೆ ಅಂದದ್ದು ಆ ಮುದುಕನ ಹೆಗಲಿಗೆ ಬಿತ್ತು. ಬಾಳು ನಿಂತು ನೋಡಿದ. ಮಾಳು ಪದರದ ಮೇಲೆ ಮೆಲ್ಲಗೆ ಹೋದ, ಗಾಡಿಯ ಹಿಂದೆ ಮೊಣಕಾಲೂರಿದ, ರಾಡಿಯಲ್ಲಿ ಕೈ ಹಾಕಿದ. ಕೈ ಭುಜದವರೆಗೆ ಹೋಯಿತು. ಇನ್ನೂ ಬಗ್ಗಿದ. ಕೆಳಗಿನ ಪದರ ಮುರಿಯಿತು. ಮಾಳು ಸದ್ದಿಲ್ಲದೆ ಎದೆಯವರೆಗೆ ಇಳಿದ.

"ಕೊಂಡಿ ಸಿಕ್ಕತೇನೋ?" ಮುಂದಿನಿಂದ ರಾಚಪ್ಪ ಕೂಗಿದ.

ಮಾಳು ಗದ್ದ ಮೇಲೆತ್ತಿ ಉಸಿರಾಡುತ್ತಿದ್ದ. ಬಾಳು ಓಡಿ, ಬಿದ್ದು, ಹೊಟ್ಟೆಯ ಮೇಲೆ ತೆವಳಿದ. ತೊಗಲೆದ್ದ ಪಕ್ಕೆ ಒಣ ಚಕ್ಕೆಗಳಿಗೆ ಉಜ್ಜಿ ಉರಿಯಿತು. ಮುದುಕನ ಎರಡೂ ಬಗಲಿಗೆ ಕೈ ಕೊಟ್ಟು ಎಳೆದ. ಬರಲಿಲ್ಲ. ಮತ್ತೆ ಎಳೆದ. ರಾಡಿ ಹೀರಿ ಹಿಡಿದಿತ್ತು. ನಾಲ್ಕನೇ ಸಲಕ್ಕೆ ಪಚಕ್ಕನೆ ಬಿಟ್ಟಿತು. ಧೋತರ ಒಳಗೇ ಉಳಿಯಿತು. ಹಗ್ಗವೂ ಒಳಗೇ ಉಳಿಯಿತು.

"ಹಗ್ಗ ತಗೀರಲೇ," ರಾಚಪ್ಪ ಕೂಗುತ್ತಿದ್ದ. "ಗಾಡಿ ಇಳ್ಯಾಕತ್ತೈತಿ. ಹಗ್ಗ."

ಬಾಳು ಮಾಳುವನ್ನು ದಂಡೆಗೆ ಎಳೆತಂದ. ತನ್ನ ಹರಿದ ಅಂಗಿ ಬಿಚ್ಚಿ ಅವನ ಸೊಂಟಕ್ಕೆ ಸುತ್ತಿದ. ಇಬ್ಬರೂ ಗಟ್ಟಿ ನೆಲದ ಮೇಲೆ ಕೂತು ಕೆಮ್ಮಿದರು.

ನಾಯಿ ಕಿಟಕಿಯಿಂದ ಹಾರಿ, ಪದರದ ಮೇಲೆ ಹಗುರವಾಗಿ ಓಡಿ ದಂಡೆ ಸೇರಿತು. ಟ್ರ್ಯಾಕ್ಟರಿನವನು ಊರಿಗೆ ಫೋನು ಹಚ್ಚಿ, ಸಾವ್ಕಾರ್ರು ಹುಗ್ಯಾಕತ್ತಾರ, ಸಮಗಾರ್ರು ಹಗ್ಗ ಕಟ್ಟವಲ್ರು ಎಂದು ಗಾಬರಿಯಲ್ಲಿ ಹೇಳುತ್ತಿದ್ದ.

ಗಾಡಿ ಇನ್ನಷ್ಟು ವಾಲಿತು. ಒಳಗೆ ರಾಚಪ್ಪನೂ ಗೌರೀಶನೂ ಜಗಳಾಡುವುದು ಕೇಳಿಸಿತು.

"ನೀ ಇಳಿ."

"ಗಾಡಿ ಯಾರದು? ನೀನ ಇಳಿಯಪಾ."

ಕೊನೆಗೆ ರಾಚಪ್ಪ ಕಿಟಕಿಯಿಂದ ಒಂದು ಕಾಲು ಹೊರಗೆ ಹಾಕಿದ. ಬಿಳಿ ಪ್ಯಾಂಟು, ಬಿಳಿ ಬೂಟು. ಕಾಲು ಇಳಿಯಿತು. ಮೊಣಕಾಲು ಹೋಯಿತು, ತೊಡೆ ಹೋಯಿತು. ಗಾಡಿಯ ಕಬ್ಬಿಣ ಹಿಡಿದು ಜೋತಾಡಿದ. ಕಾಲು ಕಿತ್ತುಕೊಂಡಾಗ ಬೂಟು ಬರಲಿಲ್ಲ. ಎರಡನೇ ಬೂಟೂ ಹೋಯಿತು. ಆಮೇಲೆ ಅವನು ಎಲ್ಲರೂ ಆ ರಾಡಿಯಲ್ಲಿ ಬರುವ ಹಾಗೆಯೇ ಬಂದ. ನಾಲ್ಕೂ ಕಾಲಿನ ಮೇಲೆ, ಹೊಟ್ಟೆ ಎಳೆಯುತ್ತ, ಉಗುಳುತ್ತ.

ಊರಿನ ಕಡೆಯಿಂದ ಮಂದಿ ಓಡಿ ಬರುವುದು ಕಂಡಿತು. ಹತ್ತು ಹನ್ನೆರಡು ಜನ. ಕೈಯಲ್ಲಿ ಬಡಿಗೆ ಇದ್ದವು.

ರಾಚಪ್ಪ ಹತ್ತು ಮಾರು ದೂರಕ್ಕೆ ಬಂದ. ಮಾಳು ಏಳಲಿಕ್ಕೆ ಹೋದ. ಆ ಮನೆಯವರು ಎದುರಿಗೆ ಬಂದಾಗ ಅವನು ಹುಟ್ಟಿದಾಗಿನಿಂದ ಕೂತವನಲ್ಲ. ಮೊಣಕಾಲು ತಾವಾಗಿಯೇ ಎದ್ದವು.

ಬಾಳು ಅವನ ತೊಡೆಯ ಮೇಲೆ ಕೈ ಇಟ್ಟ. "ಬ್ಯಾಡ ಕಾಕಾ."

"ಏಳದಿದ್ರ ಕೊಲ್ತಾರೋ ತಮ್ಮಾ."

"ಎದ್ರೂ ಕೊಲ್ತಾರ."

ಮಾಳು ಬಡಿಗೆಗಳ ಕಡೆ ನೋಡಿದ. ರಾಚಪ್ಪನ ಎರಡೂ ಕೈ ಗಟ್ಟಿ ನೆಲಕ್ಕೆ ತಾಗಿದವು. ಅವನು ತಲೆ ಎತ್ತಿದ.

ಬಾಳು ತನ್ನ ಕೈ ತೆಗೆದ.

ಮಾಳು ಎರಡೂ ಕಾಲು ಒಳಗೆ ಎಳೆದುಕೊಂಡು, ಚಕ್ಕಳಮಕ್ಕಳ ಹಾಕಿ ಕೂತ.